‘ಚಟುವಟಿಕೆ’ ಬಿಟ್ಟು ‘ಕೆಲಸ’ ಹಿಡಿದೆವು: ನಮ್ಮ ಡೇ ಕೇರ್‌ನ ಅನುಭವ

ಮೊನ್ನೆ ಶನಿವಾರ ಹಿರಿಯರಿಗಾಗಿ ಇರುವ ನಮ್ಮ ಡೇ ಕೇರ್‌ಗೆ 19 ಜನರಲ್ಲಿ 18 ಜನ ಬಂದಿದ್ದರು. ತುಳುವರ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ, ಒಂದು ಕಡೆ ರಸ್ತೆಗೆ ಮರ ಬಿದ್ದು ವ್ಯಾನ್ ಸುತ್ತು ಹಾಕಿ ಬರಬೇಕಾಯಿತು, ಆದರೂ ಬಂದರು. ಬಾರದ ಒಬ್ಬರು ಕಣ್ಣಿನ ಪೊರೆ ಆಪರೇಷನ್ ಆಗಿ ಮನೆಯಲ್ಲಿದ್ದಾರೆ. ಅವರೂ ಫೋನ್ ಮಾಡಿ, "ನನ್ನ ಕಡ್ಡಿ ಕಟ್ಟು ಯಾರೂ ಮುಟ್ಟುದು ಬೇಡ, ನಾನು ಬಂದು ಮುಗಿಸ್ತೇನೆ" ಎಂದು ಹೇಳಿದರು. ಹಿಡಿಸೂಡಿ, ಅಂದರೆ ಪೊರಕೆ, ಅದಕ್ಕೆ ಹಾಕುವ ಕಡ್ಡಿ ಅದು. ಎರಡು ವರ್ಷದ ಹಿಂದೆ ಇದೇ ಆಟಿಯಲ್ಲಿ ದಿನಕ್ಕೆ ಏಳೆಂಟು ಜನ ಬಂದರೆ ದೊಡ್ಡ ಸಂಗತಿ. ಹೊತ್ತು ಕಳೆಯುವ ಚಟುವಟಿಕೆ ಬಿಟ್ಟು ಹಿರಿಯರಿಗೆ ನಿಜವಾದ ಕೆಲಸ ಕೊಡುವುದು ನಡೆಯುವುದಿಲ್ಲ ಎಂದವರು ತುಂಬಾ ಜನ ಇದ್ದರು. ಈಗ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹಿರಿಯರ ಜೊತೆ ಕೆಲಸ ಮಾಡುವವರಿಗೆ, ಹೋಮ್ ನರ್ಸ್‌ಗಳಿಗೆ, ನನ್ನ ಹಾಗೆ ಸ್ವಂತ ದುಡ್ಡು ಹಾಕಿ ಡೇ ಕೇರ್ ನಡೆಸುವವರಿಗೆ ಬರೆದದ್ದು. ಬಿಪಿ, ಬೀಳುವ ಅಪಾಯ, ಮರೆವಿನ ಪರೀಕ್ಷೆ ಇವೆಲ್ಲ ನಿಮಗೆ ಗೊತ್ತು, ಅದಕ್ಕೆ ಹೋಗುವುದಿಲ್ಲ.

ನಮ್ಮದು ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ಕಡೆ, ಒಂದು ಹಳೇ ಹೆಂಚಿನ ಮನೆ. ಬಾಡಿಗೆ 9 ಸಾವಿರ. ದೊಡ್ಡ ಜಗಲಿ ಇದೆ, ಅದಕ್ಕಾಗಿಯೇ ಆ ಮನೆ ಹಿಡಿದದ್ದು. ನಾನು ಹನ್ನೊಂದು ವರ್ಷ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಮಾಡಿದವಳು. ಸ್ಟ್ರೋಕ್ ಆದವರ ಕೈ ತಿದ್ದುವುದು, ಬಟನ್ ಹಾಕಿಸುವುದು, ಚಮಚ ಹಿಡಿಸುವುದು. ಹಾಗಾಗಿ ಡೇ ಕೇರ್ ಶುರು ಮಾಡುವಾಗ ನನಗೆ ಎಲ್ಲ ಗೊತ್ತಿದೆ ಎಂಬ ಧೈರ್ಯ ಇತ್ತು. ಮೊದಲ ವರ್ಷ ಟಿವಿ, ಸ್ಪೀಕರ್, ಎರಡು ಕೇರಂ ಬೋರ್ಡ್, ಚೆಂಡು, ಬಣ್ಣ ತುಂಬುವ ಪುಸ್ತಕ, ದೊಡ್ಡ ಅಕ್ಷರದ ಇಸ್ಪೀಟು, ಗೋಡೆಗೆ ಬಣ್ಣ ಎಲ್ಲ ಸೇರಿ ಒಂದೂ ಕಾಲು ಲಕ್ಷ ಆಯಿತು. ಗೋಡೆಯಲ್ಲಿ ಟೈಮ್ ಟೇಬಲ್ ಹಾಕಿದೆ. 10ಕ್ಕೆ ಯೋಗ, 11ಕ್ಕೆ ಚಟುವಟಿಕೆ, 12ಕ್ಕೆ ಭಜನೆ.

ಭಜನೆಗೆ ಕೂತರು. ಉಳಿದದ್ದಕ್ಕೆ ಕೂತ ಹಾಗೆ ಮಾಡಿದರು. 22 ಜನ ಹೆಸರು ಕೊಟ್ಟಿದ್ದರು, ಆರು ತಿಂಗಳಲ್ಲಿ ದಿನಾ ಬರುವವರು ಒಂಬತ್ತಕ್ಕೆ ಇಳಿದರು. ತಲೆಗೆ ತಿಂಗಳಿಗೆ 4500 ಫೀಸು. ಒಂಬತ್ತು ಜನರಿಂದ 40 ಸಾವಿರ ಬಂದರೆ, ವ್ಯಾನು, ಇಬ್ಬರು ಹೆಲ್ಪರ್, ಅಡುಗೆಯವಳು, ಊಟ, ಬಾಡಿಗೆ ಎಂದು 70 ಸಾವಿರದ ಮೇಲೆ ಹೋಗುತ್ತಿತ್ತು. ಎರಡು ಬಳೆ, ಒಂದು ಸರ ಸೊಸೈಟಿಯಲ್ಲಿ ಅಡವು ಇಟ್ಟೆ. ಬಳೆ ಬಿಡಿಸಿಕೊಂಡೆ, ಸರ ಇನ್ನೂ ಅಲ್ಲೇ ಉಂಟು.

ಯಾಕೆ ಬರುವುದಿಲ್ಲ ಎಂದು ಮನೆ ಮನೆಗೆ ಹೋಗಿ ಕೇಳಿದೆ. ಒಬ್ಬರು ಅಜ್ಜಿ, ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದವರು, ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಉಂಟು. "ಎಂಕ್ ಇಲ್ಲಡ್ ಬೇಲೆ ಉಂಡು." ನನಗೆ ಮನೆಯಲ್ಲಿ ಕೆಲಸ ಇದೆ ಅಂತ. ಸೊಸೆ ನಕ್ಕಳು, "ಎಂತ ಕೆಲಸ ಅತ್ತೆ, ನೀವು ಕೂತೇ ಇರೋದಲ್ವಾ" ಎಂದಳು. ಅಜ್ಜಿ ಅದಕ್ಕೆ ಉತ್ತರ ಕೊಡಲಿಲ್ಲ. ಮಾತಾಡುತ್ತಾ ಮಡಿಲಲ್ಲಿದ್ದ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ. ಆ ಸೊಪ್ಪು ಬಿಡಿಸದಿದ್ದರೆ ಆ ಮನೆಯಲ್ಲಿ ಅವತ್ತು ಮಧ್ಯಾಹ್ನದ ಪಲ್ಯ ಇಲ್ಲ. ಸೊಸೆಗೆ ಅದು ಕೆಲಸ ಎಂದು ಕಾಣಲಿಲ್ಲ, ನನಗೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಅಲ್ಲಿಂದ ನಾನು ಕೇಳುವ ಪ್ರಶ್ನೆ ಬದಲಾಯಿತು. ನಮಗೆಲ್ಲ ಕಲಿಸಿದ್ದು ಆಸಕ್ತಿ ಪಟ್ಟಿ ತುಂಬಿಸುವುದು, ಅಲ್ವಾ? "ನಿಮಗೆ ಇಷ್ಟವಾದ ಚಟುವಟಿಕೆ ಯಾವುದು?" ನಮ್ಮ ಕಡೆ 75 ದಾಟಿದವರಿಗೆ ಈ ಪ್ರಶ್ನೆ ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. ಇಷ್ಟ ಎಂದು ಕೆಲಸ ಮಾಡಿದವರಲ್ಲ ಅವರು. ಚಟುವಟಿಕೆ ಎಂಬ ಪದ ಮೊಮ್ಮಕ್ಕಳ ಶಾಲೆಯ ಡೈರಿಯಲ್ಲಿ ಇರುವಂಥದ್ದು. ತುಳುವಿನಲ್ಲಿ ಕೇಳಿದರೆ ಎರಡೇ ಮಾತು ಬರುತ್ತದೆ, ಒಂದು ‘ಬೇಲೆ’, ಇನ್ನೊಂದು ‘ಪೊರ್ತು ಪೋಪುಜಿ’, ಹೊತ್ತು ಹೋಗುವುದಿಲ್ಲ. ನಾವು ಕೊಟ್ಟ ಕೇರಂ ಹೊತ್ತು ಕಳೆಯಲಿಕ್ಕೆ ಎಂದು ಅವರಿಗೆ ಗೊತ್ತಾಗಿತ್ತು. ಹೊತ್ತು ಕಳೆಯಲಿಕ್ಕೆ ಎಂದು ಗೊತ್ತಾದ ಮೇಲೆ ಹೊತ್ತು ಇನ್ನೂ ನಿಧಾನ ಹೋಗುತ್ತದೆ. ಹಾಗಾಗಿ ಇಷ್ಟ ಕೇಳುವುದು ಬಿಟ್ಟೆ. "ನಿನ್ನೆ ಬೆಳಿಗ್ಗೆ ಎದ್ದು ಮೊದಲು ಎಂತ ಮಾಡಿದಿರಿ, ಆಮೇಲೆ?" ಎಂದು ಕೇಳಲು ಶುರು ಮಾಡಿದೆ. ಮೊದಲು "ಎಂತ ಇಲ್ಲ" ಅನ್ನುತ್ತಾರೆ. ಸುಮ್ನೆ ಇದ್ದು ಕಾದರೆ ಅರ್ಧ ಗಂಟೆ ಹೇಳುತ್ತಾರೆ. ಈ ಮಾತುಕತೆಯಲ್ಲಿ ಮೂರನೇ ಪ್ರಶ್ನೆ ಒಂದು ಇದೆ, ಅದರಿಂದಲೇ ನನಗೆ ಯಾರಿಗೆ ಯಾವ ಕೆಲಸ ಎಂದು ಹೊಳೆಯುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ತಿಂಗಳ ನಷ್ಟ ತಿಂದು ಸಿಕ್ಕಿದ ಪ್ರಶ್ನೆ ಅದು, ಬೇಕಾದವರು ಬಂದು ಒಂದು ದಿನ ನನ್ನ ಜೊತೆ ಕೂರಿ.

ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. ಬೀಡಿ ಅಜ್ಜಿಗೆ 40 ವರ್ಷದ ಕೈ ಅಭ್ಯಾಸ, ಸುಮ್ಮನೆ ಕೂತಾಗಲೂ ಬೆರಳು ಸುರುಳಿ ಸುತ್ತುತ್ತಿತ್ತು. ಹೊಗೆಸೊಪ್ಪು ತರುವ ಹಾಗಿಲ್ಲ, ಅದರ ಧೂಳಿನಲ್ಲೇ ಅವರ ಎದೆ ಹಾಳಾದದ್ದು. ನಾನು ಕಂದು ಕಾಗದ ಎಲೆಯ ಅಳತೆಗೆ ಕತ್ತರಿಸಿ, ಒಳಗೆ ತುಂಬಲು ಒಣ ಹುಲ್ಲಿನ ಚೂರು, ನೂಲು, ಕತ್ತರಿ, ಮೊರ ಎಲ್ಲ ಇಟ್ಟು ಕೊಟ್ಟೆ. ಒಳ್ಳೇ ಉಪಾಯ ಎಂದು ನಾನೇ ಫೋಟೋ ತೆಗೆದಿದ್ದೆ. ಅಜ್ಜಿ ಎರಡು ಸುತ್ತಿದರು, ನೋಡಿದರು, ಮೊರ ದೂಡಿದರು. "ಇದನ್ನು ಯಾರು ತಗೊಳ್ತಾರೆ? ಮಕ್ಕಳಾಟಿಕೆಯಾ?" ಎಂದರು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ತಗೊಳ್ಳುವವರು ಯಾರು ಎಂಬುದೇ ವಿಷಯ. ಬೀಡಿ ಕಟ್ಟಿದರೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಬೇಕು, ಅಲ್ಲಿ ಒಬ್ಬ ನೋಡಿ ಸರಿ ಇಲ್ಲದ್ದನ್ನು ತೆಗೆದು ಹಾಕಬೇಕು, ಪುಸ್ತಕದಲ್ಲಿ ಬರೆಯಬೇಕು. ಆಗ ಅದು ಬೇಲೆ. ಈಗ ಅವರು ನಮ್ಮಲ್ಲಿ ಹಿಡಿಸೂಡಿ ಕಡ್ಡಿ ಎಣಿಸುವವರು. ಬೇರೆಯವರು ಮಡಲಿನ (ತೆಂಗಿನ ಸೋಗೆಯ) ಗರಿ ಗೀಸಿ ಕಡ್ಡಿ ಮಾಡುತ್ತಾರೆ, ಇವರು 25ರ ಲೆಕ್ಕದಲ್ಲಿ ಕಟ್ಟು ಮಾಡುತ್ತಾರೆ, ಬೀಡಿಯ ಕಟ್ಟಿನ ಹಾಗೆಯೇ. ಎಣಿಸುವುದಲ್ಲ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ನಾನು ಪರೀಕ್ಷೆ ಮಾಡಿದ್ದೇನೆ, ಹತ್ತು ಕಟ್ಟಿನಲ್ಲಿ ಎಂಟು ಸರಿ 25 ಇತ್ತು, ಎರಡರಲ್ಲಿ ಒಂದೊಂದು ಹೆಚ್ಚು ಕಡಿಮೆ. ಸರಿ ಗೀಸದ ಕಡ್ಡಿಯನ್ನು ತೆಗೆದು ಹಾಕುತ್ತಾರೆ. ಈಗ ಬ್ರಾಂಚಿನವರ ಜಾಗದಲ್ಲಿ ಅವರೇ ಕೂತಿದ್ದಾರೆ. ಅದರಿಂದ ದಿನಾ ಒಂದು ಸಣ್ಣ ಜಗಳ ಆಗುತ್ತದೆ, ಆಗಲಿ ಎಂದು ಬಿಟ್ಟಿದ್ದೇನೆ. ಒಂದು ಕೆಲಸದ ಬಗ್ಗೆ ಇಬ್ಬರು ಅಜ್ಜಿಯಂದಿರು ಗಂಟಲು ಏರಿಸಿ ಜಗಳ ಆಡುತ್ತಾರೆ ಎಂದರೆ ಆ ಕೆಲಸ ಅವರಿಗೆ ಬೇಕು ಎಂದೇ ಅರ್ಥ. ಕೇರಂಗೆ ಯಾರೂ ಜಗಳ ಆಡಿರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಮರೆವು ಜಾಸ್ತಿಯಾದ ಇಬ್ಬರು ನಮ್ಮಲ್ಲಿದ್ದಾರೆ. ಅವರಿಗೆ ಬಟ್ಟೆ ಮಡಚಲು ಕೊಟ್ಟರೆ, ಮಡಚಿದ್ದನ್ನೇ ಬಿಡಿಸಿ ಮತ್ತೆ ಕೊಟ್ಟರೂ ನಡೆಯುತ್ತದೆ ಎಂದು ಹೇಳುವವರು ಇದ್ದಾರೆ. ನಾನು ಹಾಗೆ ಮಾಡಿದ್ದೆ, ಈಗ ಮಾಡುವುದಿಲ್ಲ. ಒಮ್ಮೆ ನಮ್ಮ ಹೆಲ್ಪರ್ ಬಿಡಿಸುವುದನ್ನು ಆ ಅಮ್ಮ ನೋಡಿಬಿಟ್ಟರು. ಏನೂ ಹೇಳಲಿಲ್ಲ, ಮುಖ ಮಾತ್ರ ಇಳಿಯಿತು. ಡೇ ಕೇರ್‌ನಲ್ಲಿ ಮಡಚುವ ಬಟ್ಟೆಗೆ ಕೊರತೆ ಇಲ್ಲ ಮಾರಾಯ್ರೆ, ನಿಜವಾದದ್ದೇ ಕೊಡಬಹುದು.

ಎರಡನೇ ಪ್ರಯತ್ನ ಮಲ್ಲಿಗೆ. ಮಲ್ಲಿಗೆಗೇ ಹೆಸರಾದ ಶಂಕರಪುರದ ಪಕ್ಕದಲ್ಲೇ ಕೂತು ಮಲ್ಲಿಗೆ ಮುಟ್ಟದೆ ಇರುವುದುಂಟಾ? ನಮ್ಮಲ್ಲಿ ಐದು ಜನ ಅಜ್ಜಿಯಂದಿರು ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟಿಯೇ ಮದುವೆ, ಬಾಣಂತನ, ಮನೆ ಕಟ್ಟಿದ್ದು ಎಲ್ಲ ಮಾಡಿದವರು. ಹತ್ತಿರದ ಒಬ್ಬ ಬೆಳೆಗಾರರನ್ನು ಒಪ್ಪಿಸಿದೆ, ಮೊಗ್ಗು ನಮ್ಮಲ್ಲಿಗೆ ತಂದು ಕೊಡಿ, ಕಟ್ಟಿ ಕೊಡುತ್ತೇವೆ, ಚೆಂಡಿಗೆ ಇಷ್ಟು ಎಂದು. ಬೆಳಿಗ್ಗೆ ಬೇಗ ಕೊಯ್ದ ಮೊಗ್ಗು ಹೊತ್ತೇರುವ ಮೊದಲು ಕಟ್ಟಿ ಕಟ್ಟೆಗೆ, ಅಂದರೆ ಮಲ್ಲಿಗೆ ಕೊಳ್ಳುವ ಜಾಗಕ್ಕೆ, ಮುಟ್ಟಬೇಕು. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಸಾವಿರ ದಾಟುತ್ತದೆ, ಹಾಗಿರುವಾಗ ಒಂದು ಗಂಟೆ ತಡವಾದರೂ ನಷ್ಟ. ನಮ್ಮ ವ್ಯಾನ್ ಎಲ್ಲರನ್ನೂ ಕರೆದುಕೊಂಡು ಬರುವುದೇ ಒಂಬತ್ತೂವರೆಗೆ. ಅಜ್ಜಿಯಂದಿರ ಕೈ ಮೊದಲಿನ ವೇಗಕ್ಕೆ ಬರಲಿಲ್ಲ, ಒಬ್ಬರಿಗೆ ಕೈ ನಡುಕ. ನಾಲ್ಕನೇ ದಿನ ಎರಡು ಚೆಂಡು ಮೊಗ್ಗು ಅರಳಿ ಹೋಯಿತು. ಬೆಳೆಗಾರರು ಬೈಯಲಿಲ್ಲ, ಮರುದಿನದಿಂದ ತರಲಿಲ್ಲ ಅಷ್ಟೇ. ದುಡ್ಡು ನಾನು ಕೊಟ್ಟೆ, ಎಲ್ಲ ಸೇರಿ 700 ಇರಬಹುದು. ದುಡ್ಡಿಗಿಂತ ಬೇಸರ ಆದದ್ದು, ಒಬ್ಬ ಅಜ್ಜಿ "ನನ್ನ ಕೈ ಸತ್ತು ಹೋಗಿದೆ" ಎಂದು ಹೇಳಿ ಎರಡು ವಾರ ಬರಲಿಲ್ಲ. ನಿಜವಾದ ಕೆಲಸ ಬೇಕು, ಆದರೆ ಓಡಿಸುವ ಕೆಲಸ ಕೊಟ್ಟರೆ ಅವರು ಕಳೆದುಕೊಂಡದ್ದನ್ನೇ ನಾವು ತೋರಿಸಿದ ಹಾಗೆ ಆಗುತ್ತದೆ.

ಈಗ ಮಲ್ಲಿಗೆ ಬೇರೆ ರೀತಿ. ನಮ್ಮ ಹಿತ್ತಲಲ್ಲೇ ಆರು ಗಿಡ ಹಾಕಿದ್ದೇವೆ, ಕಡಿಮೆ ಬಿದ್ದರೆ ಸ್ವಲ್ಪ ಹೊರಗಿನಿಂದ ತರುತ್ತೇವೆ. ಹತ್ತಿರದ ದೇವಸ್ಥಾನದ ಮಧ್ಯಾಹ್ನದ ಪೂಜೆಗೆ ಒಂದು ಮಾಲೆ, ಶುಕ್ರವಾರ ಆಟೋ ಸ್ಟ್ಯಾಂಡಿನ ನಾಲ್ಕು ರಿಕ್ಷಾಗಳಿಗೆ. ಅರ್ಚಕರು ಹನ್ನೊಂದೂವರೆಗೆ ಹುಡುಗನನ್ನು ಕಳಿಸುತ್ತಾರೆ. ಅವನು ಬಂದು ಬಾಗಿಲಲ್ಲಿ "ಆಯ್ತಾ ಅಜ್ಜಿ?" ಎಂದು ಕೇಳುತ್ತಾನೆ. ಆ ಮಾತಿಗಾಗಿ ಇಡೀ ಬೆಳಿಗ್ಗೆ ನಡೆಯುತ್ತದೆ. ಕೈ ಸತ್ತಿದೆ ಎಂದವರೇ ಈಗ ನಾರು ಸೀಳುವವರು, ಅದಕ್ಕೆ ವೇಗ ಬೇಡ.

ಮನೆಯವರ ವಿಷಯ ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ಫೀಸು ತಗೊಂಡು ಅಪ್ಪ ಅಮ್ಮನ ಕೈಯಲ್ಲಿ ಕೆಲಸ ಮಾಡಿಸುತ್ತೀರಾ ಎಂದು ಕೇಳದ ಮನೆ ಕಡಿಮೆ. ಅತಿ ಜೋರು ಆದದ್ದು ಹೋಟೆಲ್ ಅಜ್ಜನ ವಿಷಯದಲ್ಲಿ. ಮುಂಬೈಯ ಉಡುಪಿ ಹೋಟೆಲಿನಲ್ಲಿ 38 ವರ್ಷ ಇದ್ದವರು, ಹದಿನಾಲ್ಕನೇ ವಯಸ್ಸಿಗೆ ಬಸ್ ಹತ್ತಿ ಹೋದವರು, ಟೇಬಲ್ ಒರೆಸುವುದರಿಂದ ಶುರು ಮಾಡಿ ಸಪ್ಲೈಯರ್, ಕೊನೆಗೆ ಕ್ಯಾಶಿನಲ್ಲಿ ಕೂತವರು. ನಮ್ಮಲ್ಲಿಗೆ ಬಂದ ಎರಡನೇ ದಿನವೇ ಊಟ ಆದ ಮೇಲೆ ಒದ್ದೆ ಬಟ್ಟೆ ಹಿಡಿದು ಟೇಬಲ್ ಒರೆಸಿದರು. ನಮ್ಮ ಹುಡುಗಿ ಬಟ್ಟೆ ಕಸಿದುಕೊಂಡಳು, ಅವಳದ್ದು ಮರ್ಯಾದೆ. ಅವರು ಮರುದಿನ ಮತ್ತೆ ಒರೆಸಿದರು. ನಾನು ಬಿಡು ಎಂದೆ. ಈಗ ನಾಲ್ಕು ಗಂಟೆಯ ಚಾ ಅವರದ್ದೇ. ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ಹಿಡಿದು ತರುತ್ತಾರೆ, 79 ವರ್ಷ. ಯಾರಿಗೆ ಸಕ್ಕರೆ ಇಲ್ಲ, ಯಾರಿಗೆ ಅರ್ಧ, ಯಾರಿಗೆ ಕಾಫಿ, 19 ಜನರದ್ದು ಒಂದು ಸಲ ಕೇಳಿ ನೆನಪು ಇಟ್ಟುಕೊಂಡಿದ್ದಾರೆ. ನಾನು ಮಾಡುವ ಯಾವ ನೆನಪಿನ ಪರೀಕ್ಷೆಯಲ್ಲಿ ಅವರು ಇಷ್ಟು ಅಂಕ ತೆಗೆದಾರು?

ಒಂದು ದಿನ ಅವರ ಮಗ ಗಲ್ಫಿನಿಂದ ಬಂದವರು ಇದನ್ನು ನೋಡಿದರು. "ನನ್ನ ಅಪ್ಪ ಜೀವಮಾನ ಇಡೀ ಎಂಜಲು ಒರೆಸಿದ್ದಾರೆ, ಇನ್ನು ಆ ಕೆಲಸ ಅವರ ಕೈಗೆ ಹತ್ತಬಾರದು ಎಂದು ನಾನು ದುಡಿಯುವುದು." ಅವರ ಕಣ್ಣಲ್ಲಿ ನೀರು ಇತ್ತು, ಆ ಮಾತಿನಲ್ಲಿ ಸುಳ್ಳಿಲ್ಲ. ನಾನು ಉತ್ತರ ಕೊಡಲು ಹೋಗಲಿಲ್ಲ, ಅಜ್ಜನನ್ನೇ ಕೇಳಿ ಎಂದೆ. ಅಜ್ಜ ಮಗನಿಗೆ ಹೇಳಿದ್ದು ಇಷ್ಟೇ, "ಕೂತವರಿಗೆ ಚಾ ಸರಿ ಸಿಕ್ಕಿತಾ ಇಲ್ವಾ ನೋಡಬೇಕಲ್ಲ ಮಗಾ." ಮಗ ಒಂದು ತಿಂಗಳು ಅಪ್ಪನನ್ನು ಕಳಿಸಲಿಲ್ಲ. ಆ ತಿಂಗಳು ಅಜ್ಜ ಮನೆಯಲ್ಲಿ ಊಟ ಸರಿ ಮಾಡಲಿಲ್ಲ, ಹಗಲು ನಿದ್ದೆ, ರಾತ್ರಿ ಎಚ್ಚರ. ಮತ್ತೆ ಕಳಿಸಿದರು. ಈಗ ಮಗ ವೀಡಿಯೋ ಕಾಲ್ ಮಾಡುವುದು ಸರಿಯಾಗಿ ನಾಲ್ಕು ಗಂಟೆಗೆ.

ನನ್ನ ಜೊತೆ ಆಸ್ಪತ್ರೆಯಲ್ಲಿದ್ದ ಒಬ್ಬರು ಸೀನಿಯರ್ ಬಂದು ನೋಡಿ, ಇದು ಥೆರಪಿ ಅಲ್ಲ, ಮನೆಗೆಲಸ, ಅಳತೆ ಏನೂ ಇಲ್ಲ ಎಂದರು. ಅಳತೆ ಇಟ್ಟಿದ್ದೇನೆ. ಹಾಜರಿ ಅಂತೂ ಮೇಲೆ ಹೇಳಿದೆ. ಮಧ್ಯಾಹ್ನಕ್ಕೆ ಮೊದಲು ತೂಕಡಿಸುವವರು ಹತ್ತರಲ್ಲಿ ಆರೇಳು ಜನ ಇದ್ದರು, ಈಗ ಒಬ್ಬಿಬ್ಬರು. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಐವರಲ್ಲಿ ಇಬ್ಬರದ್ದು ಡಾಕ್ಟರೇ ನಿಲ್ಲಿಸಿದ್ದಾರೆ. ಮೊಣಕಾಲು ನೋವು ಹಾಗೇ ಇದೆ, ಅದಕ್ಕೆ ಹಿಡಿಸೂಡಿ ಔಷಧಿ ಅಲ್ಲ.

ಚೂರಿಯ ಕತೆ ಹೇಳುತ್ತೇನೆ, ಇದು ನಿಮಗೆಲ್ಲ ಉಪಯೋಗ ಆಗುತ್ತದೆ. ತರಕಾರಿ ಹೆಚ್ಚುವುದು ಶುರು ಮಾಡುವಾಗ ಮೆಟ್ಟುಕತ್ತಿ (ಈಳಿಗೆ ಮಣೆ) ಅಪಾಯ ಎಂದು ನಾನೇ ಅದನ್ನು ಅಟ್ಟಕ್ಕೆ ಹಾಕಿ, ಹೊಸ ಚೂರಿ, ಹೆಚ್ಚುವ ಹಲಗೆ, ಪೀಲರ್ ತಂದೆ, 1200 ರೂಪಾಯಿ. ಎರಡನೇ ವಾರ ಒಬ್ಬರ ಬೆರಳು ಕೊಯ್ದು ಮೂರು ಹೊಲಿಗೆ ಬಿತ್ತು. ಮನೆಯವರು ತುಂಬಾ ಮಾತಾಡಿದರು, ಆ ಅಮ್ಮನನ್ನೂ ಅವರ ತಂಗಿಯನ್ನೂ ಬಿಡಿಸಿದರು, ತಿಂಗಳಿಗೆ 9 ಸಾವಿರ ಹೋಯಿತು. ರಾತ್ರಿ ಇಡೀ ಯೋಚನೆ ಮಾಡಿದೆ. 60 ವರ್ಷ ಮೆಟ್ಟುಕತ್ತಿಯಲ್ಲಿ ಹೆಚ್ಚಿದವರ ಕೈ ತರಕಾರಿಯನ್ನು ಅಲಗಿನ ಕಡೆಗೆ ದೂಡುತ್ತದೆ, ಅಲಗು ನಿಂತಿರುತ್ತದೆ. ಚೂರಿಯಲ್ಲಿ ಅಲಗು ಚಲಿಸುತ್ತದೆ, ಕೈ ನಿಲ್ಲಬೇಕು. ಆ ಅಮ್ಮನ ಕೈ ನಿಲ್ಲಲಿಲ್ಲ, ಮುಂದೆ ಹೋಯಿತು. ಅಟ್ಟದಿಂದ ಮೆಟ್ಟುಕತ್ತಿ ಇಳಿಸಿದೆ. ನೆಲದಲ್ಲಿ ಕೂರಲು ಆಗದವರಿಗೆ ಬಡಗಿಯ ಹತ್ತಿರ ಅಗಲದ ಸ್ಟೂಲಿಗೆ ಅದನ್ನು ಬೋಲ್ಟ್ ಹಾಕಿ ಕೂರಿಸಿ ಕೊಟ್ಟೆ. ಸ್ಟೂಲಿನ ಎತ್ತರ ಎಷ್ಟು, ಓರೆ ಎಷ್ಟು ಎಂಬುದನ್ನು ಮೂರು ಸಲ ಕೆಡಿಸಿ ಕಂಡುಕೊಂಡದ್ದು, ಅದು ನನ್ನ ಹತ್ತಿರವೇ ಇರಲಿ. ಅಲ್ಲಿಂದ ಈವರೆಗೆ, ಒಂದೂವರೆ ವರ್ಷ ಆಯಿತು, ಬಸಳೆ, ಅಲಸಂಡೆ, ಸಾಂಬಾರ್ ಸೌತೆ ದಿನಾ ಹೆಚ್ಚುತ್ತಾರೆ, ಒಂದು ಗಾಯ ಇಲ್ಲ. ತಂಗಿ ವಾಪಸ್ ಬಂದಿದ್ದಾರೆ. ಅಕ್ಕ ಬಂದಿಲ್ಲ.

ಮಧ್ಯೆ ಒಂದು ಬೇರೆ ಪ್ರಯೋಗ ಮಾಡಿದೆ. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ನಿವಾಸದಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಮಾಡಿ 1976ರಲ್ಲಿ ಪ್ರಕಟಿಸಿದ್ದು ನಮ್ಮಲ್ಲಿ ಓದಿದವರಿಗೆಲ್ಲ ಗೊತ್ತು. ಒಂದು ಮಹಡಿಯವರಿಗೆ ಗಿಡ ಕೊಟ್ಟು ನೀವೇ ನೋಡಿಕೊಳ್ಳಿ, ಸಿನಿಮಾ ಯಾವ ದಿನ ಎಂದು ನೀವೇ ಹೇಳಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ನರ್ಸ್ ಹಾಕುತ್ತಾರೆ ಎಂದರು. ತಾವೇ ನೋಡಿಕೊಂಡವರು ಹೆಚ್ಚು ಚುರುಕಾದರು. ನಾನೂ 20 ಕುಂಡ, ಮಣ್ಣು, ಗಿಡ ಎಂದು 2500 ಹಾಕಿ ಎಲ್ಲರಿಗೂ ಒಂದೊಂದು ಕೊಟ್ಟೆ. ಮೇ ತಿಂಗಳಲ್ಲಿ ಚೆನ್ನಾಗಿ ನಡೆಯಿತು. ಜೂನ್ ಬಂತು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡಕ್ಕೆ ನೀರು ಹಾಕುವ ಕೆಲಸವೇ ಇಲ್ಲ! ಜಗಲಿಯ ಒಳಗೆ ಇಟ್ಟರೆ ಬಿಸಿಲಿಲ್ಲ, ಬೇರು ಕೊಳೆಯಿತು. ಆದರೆ ಅದರಿಂದ ಒಂದು ಸಿಕ್ಕಿತು. ಕೊಳೆತ ಗಿಡ ನೋಡಿ ಒಬ್ಬರು ಬಾಯಿ (ಕೊಂಕಣಿ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹೀಗೆ ಕರೆಯುವುದು), "ಗೊಬ್ಬರ ಹಾಕಿದ್ದು ಯಾರು, ಮಳೆಗಾಲದಲ್ಲಿ ಕುಂಡ ನೆಲದಲ್ಲಿ ಇಡುತ್ತಾರಾ?" ಎಂದು ನನ್ನನ್ನು ಗದರಿಸಿದರು. ಅವರಿಗೆ ಹೂವಿನ ಗಿಡ ಗೊತ್ತು ಎಂದು ನನ್ನ ಫಾರ್ಮ್‌ನಲ್ಲಿ ಎಲ್ಲೂ ಇರಲಿಲ್ಲ. ಈಗ ಹಿತ್ತಲು ಅವರದ್ದು. ಸೆಪ್ಟೆಂಬರ್ 8ರ ಮೇರಿ ಮಾತೆಯ ಹುಟ್ಟುಹಬ್ಬ, ಮೊಂತಿ ಫೆಸ್ತ್‌ಗೆ ಮೊದಲು ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ತೆಗೆದುಕೊಂಡು ಹೋಗುತ್ತಾರಲ್ಲ, ಕಳೆದ ವರ್ಷ ಪಕ್ಕದ ಮೂರು ಮನೆಯ ಮಕ್ಕಳಿಗೆ ಒಂಬತ್ತೂ ದಿನದ ಹೂವು ನಮ್ಮ ಹಿತ್ತಲಿನದ್ದು. ಬಾಯಿ ಜುಲೈಯಿಂದಲೇ ಲೆಕ್ಕ ಹಾಕಿದ್ದರು, ಯಾವ ಗಿಡ ಯಾವಾಗ ಕತ್ತರಿಸಿದರೆ ಆ ವಾರ ಹೂ ಬಿಡುತ್ತದೆ ಎಂದು.

ಎಲ್ಲವನ್ನೂ ಕೆಲಸ ಮಾಡಲು ಹೋಗಬೇಡಿ, ಅದೂ ತಪ್ಪು. ನಾನು ಆ ಹುಚ್ಚಿನಲ್ಲಿ ಮೂರು ತಿಂಗಳು ಇದ್ದೆ. ಜಗಲಿಯ ತುದಿಯಲ್ಲಿ ಕೂತು ರಸ್ತೆ ನೋಡುವ ಅಜ್ಜ ಒಬ್ಬರಿದ್ದಾರೆ. ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ಡ್ರೈವರ್ ಹಾರ್ನ್ ಹೇಗೆ ಹೊಡೆಯುತ್ತಾನೆ, ಯಾವುದು ಇವತ್ತು ಟ್ರಿಪ್ ಕಟ್ ಮಾಡಿದೆ, ಎಲ್ಲ ಗೊತ್ತು. ಓಹೋ ಎಂದು ನಾನು ಪುಸ್ತಕ, ಪೆನ್ನು ಕೊಟ್ಟು ಟೈಮ್ ಬರೆಯಿರಿ ಎಂದೆ. ಎರಡು ದಿನ ಬರೆದು ಮೂರನೇ ದಿನ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. "ಬರೆಯುದಾದ್ರೆ ಅದು ಡ್ಯೂಟಿ. ನನಗೆ ನೋಡ್ಲಿಕ್ಕೆ ಬಿಡಿ." ಪುಸ್ತಕ ತೆಗೆದೆ, ಅವರು ಮತ್ತೆ ಜಗಲಿಗೆ ಹೋದರು. ಅದೇ ರೀತಿ ಇನ್ನೊಬ್ಬರು ಅಮ್ಮ ಬೆಳಿಗ್ಗೆ ಹತ್ತರಿಂದ ಕಣ್ಣು ಮುಚ್ಚಿ ಕೂರುತ್ತಿದ್ದರು, ನಮ್ಮ ಹುಡುಗಿಯರು ನಿದ್ದೆ ಎಂದು ಎಬ್ಬಿಸಿ ಕೈ ವ್ಯಾಯಾಮ ಮಾಡಿಸುತ್ತಿದ್ದರು. ನಿದ್ದೆ ಅಲ್ಲ ಅದು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬೆಂಗಳೂರು, ದುಬೈ, ಪುಣೆ ಎಂದು 23 ಹೆಸರು, ಒಬ್ಬೊಬ್ಬರ ಹೆಸರು ಹೇಳಿ ದೇವರ ಹತ್ತಿರ ಕೇಳಿಕೊಳ್ಳುವುದು. ಮಧ್ಯೆ ಎಬ್ಬಿಸಿದರೆ ಮೊದಲಿಂದ ಶುರು ಮಾಡಬೇಕು. "ನಾನು ಬಿಟ್ಟರೆ ಅದನ್ನು ಯಾರು ಮಾಡ್ತಾರೆ?" ಎಂದು ಕೇಳಿದರು. ನಾನು ಎಲ್ಲ ಹಿರಿಯರಲ್ಲಿ ಹುಡುಕುವುದು ಈ ಒಂದು ವಾಕ್ಯವನ್ನೇ. ಕೈ ಆಡುತ್ತಿದೆಯಾ ಇಲ್ವಾ ಎಂಬುದು ಆಮೇಲಿನ ಮಾತು. ಈಗ ಹತ್ತರಿಂದ ಹತ್ತೂವರೆ ಅವರನ್ನು ಯಾರೂ ಮಾತಾಡಿಸುವ ಹಾಗಿಲ್ಲ.

ದುಡ್ಡು. ಹಿಡಿಸೂಡಿ ಒಂದಕ್ಕೆ 60 ರೂಪಾಯಿ, ತಿಂಗಳಿಗೆ 50ರ ಆಸುಪಾಸು ಹೋಗುತ್ತದೆ. ಮೊದಲು ಮಾಡಿದಷ್ಟಕ್ಕೆ ಲೆಕ್ಕ ಹಾಕಿ ಹಂಚಿದೆ. ಬೀಡಿ ಅಜ್ಜಿಗೆ 110 ಸಿಕ್ಕಿತು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ಮೊಮ್ಮಗಳಿಗೆ ಕೊಟ್ಟರಂತೆ. ಸರಕಾರದ ಸಂಧ್ಯಾ ಸುರಕ್ಷಾ ಪಿಂಚಣಿಯ 1200 ಅವರಿಗೆ ಬರುತ್ತದೆ, ಅದು ಮಗನ ಕೈಗೆ ಹೋಗುತ್ತದೆ, ಈ 110 ಬೇರೆ. ಆದರೆ ಎರಡನೇ ತಿಂಗಳಿಗೆ ಯಾರದ್ದು ಎಷ್ಟು ಎಂದು ಹೋಲಿಕೆ ಶುರುವಾಯಿತು, ಕೈ ನಡುಗುವವರಿಗೆ 15 ರೂಪಾಯಿ ಬಂದದ್ದನ್ನು ಅವರು ಮುಚ್ಚಿಟ್ಟರು. ಮೇಷ್ಟ್ರಾಗಿದ್ದ ಒಬ್ಬರು ನನಗೆ ಕೂಲಿ ಕೊಡುತ್ತೀರಾ ಎಂದು ಎದ್ದು ಹೋದರು. ಹಂಚುವುದು ನಿಲ್ಲಿಸಿದೆ. ಈಗ ಎಲ್ಲ ದುಡ್ಡು ಒಂದು ಡಬ್ಬಿಗೆ, ಎಂತ ಮಾಡುವುದು ಎಂದು ಅವರೇ ಹೇಳುತ್ತಾರೆ. ಮೊದಲ ಸಲ ಎಲ್ಲರಿಗೂ ಗಡ್‌ಬಡ್ ಐಸ್ ಕ್ರೀಮ್ ತಿನ್ನಬೇಕು ಎಂದರು. ಉಡುಪಿಗೆ ಕರೆದುಕೊಂಡು ಹೋದೆವು, ಶುಗರ್ ಇದ್ದವರು ಇಬ್ಬರಿಗೆ ಒಂದು ಎಂದು ಮಾಡಿದೆವು.

ಡಬ್ಬಿಯ ಲೆಕ್ಕ ಯಾರದ್ದು ಎಂಬುದು ನನ್ನ ಅತಿ ಒಳ್ಳೆಯ ಪ್ರಯೋಗ, ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮಲ್ಲಿ ಒಬ್ಬರು ಪಿಗ್ಮಿ ಕಲೆಕ್ಟ್ ಮಾಡುತ್ತಿದ್ದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಪಿಗ್ಮಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುವುದು. ಇವರು ಅದರಲ್ಲಿ 30 ವರ್ಷ ಚೀಲ ಹೆಗಲಿಗೆ ಹಾಕಿ ಅಂಗಡಿ ಅಂಗಡಿ ನಡೆದವರು. 2020ರಲ್ಲಿ ಬ್ಯಾಂಕ್ ಕೆನರಾ ಜೊತೆ ಸೇರಿದ್ದನ್ನು ಅವರು ಮನೆಯಲ್ಲೊಂದು ಸಾವಾದ ಹಾಗೆ ಹೇಳುತ್ತಾರೆ. ಬಂದವರು ಎರಡು ತಿಂಗಳು ಒಂದೇ ಕುರ್ಚಿಯಲ್ಲಿ ಕೂತರು, ಹಿಡಿಸೂಡಿ ಬೇಡ, ಪೇಪರ್ ಬೇಡ. ಒಂದು ದಿನ ನಾನು ಎಲ್ಲರ ಎದುರು ಅವರ ಹತ್ತಿರ ಹೋಗಿ 5 ರೂಪಾಯಿ ಕೊಟ್ಟು, "ಸರ್, ನನ್ನದೊಂದು ಖಾತೆ ಮಾಡಿ" ಎಂದೆ. ಅವರು ನನ್ನನ್ನು ನೋಡಿದರು. ಪುಸ್ತಕ ಉಂಟಾ ಎಂದು ಕೇಳಿದರು. ಈಗ ದಿನಾ ಹನ್ನೆರಡು ಗಂಟೆಗೆ ಚೀಲ ಹಾಕಿ ಒಬ್ಬೊಬ್ಬರ ಹತ್ತಿರ ಹೋಗುತ್ತಾರೆ, ಅಡುಗೆಯವಳು, ಡ್ರೈವರ್ ಸಹಿತ. 2, 5, 10, ಆದಷ್ಟು. ತಿಂಗಳ ಕೊನೆಗೆ ಅವರವರದ್ದು ಅವರವರಿಗೆ ವಾಪಸ್. ಹಿತ್ತಲಿನ ಬಾಯಿಯ ಹತ್ತಿರ ಹೋಗಬೇಕಲ್ಲ, ಮೆಟ್ಟಿಲು ಇಳಿಯುತ್ತಾರೆ, ಫಿಸಿಯೋ ಹೇಳಿದರೆ ಇಳಿಯದವರು. ಒಬ್ಬೊಬ್ಬರ ಹತ್ತಿರ ಎರಡು ಮಾತು, ಮಗ ಫೋನ್ ಮಾಡಿದನಾ, ಕಾಲು ಹೇಗುಂಟು. ದಿನಾ ಎಲ್ಲರನ್ನೂ ಮಾತಾಡಿಸುವ ಒಬ್ಬರು ಸಿಕ್ಕಿದ್ದು ನನಗೆ ಲಾಭ.

ಮಳೆ ನಿಂತ ಮೇಲೆ ಮಡಲು ಗೀಸುವುದು ಹೊರಗೆ ಅಂಗಳಕ್ಕೆ ಹಾಕುತ್ತೇವೆ. ಬೇಸಿಗೆಗೆ ಹಲಸಿನ ಹಪ್ಪಳ ಮಾಡಬೇಕು ಎಂದು ಅಜ್ಜಿಯಂದಿರು ಈಗಲೇ ಮೂರು ಪಕ್ಷ ಆಗಿದ್ದಾರೆ, ಖಾರ ಎಷ್ಟು ಎಂಬುದಕ್ಕೆ. ಒಣಗಿಸುವಾಗ ಕಾಗೆ ಕಾಯುವ ಕೆಲಸ ಬಸ್ಸಿನ ಅಜ್ಜನಿಗೆ ಕೊಡಬೇಕಾ ಬೇಡವಾ ಎಂದು ಯೋಚಿಸುತ್ತಿದ್ದೇನೆ, ಕೇಳಿ ನೋಡುತ್ತೇನೆ, ಬೇಡ ಎಂದರೆ ಬೇಡ. ಪಿಗ್ಮಿ ಸರ್ ಮೊನ್ನೆ ಪುಸ್ತಕ ತೋರಿಸಿದರು, ನನ್ನದು ಎರಡು ದಿನದ್ದು ಬಾಕಿ ಉಂಟು, ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಸೋಮವಾರ ಕೊಡಬೇಕು.